ಮಳೆಗಾಲದ ಸ್ವಯಂಸೇವಕ ವೈದ್ಯ ತಂಡ: ಡಾಕ್ಟರ್ ಹತ್ತಿರ ಕೇಳಿ

ಅಡ್ಮಿನ್: ಹೊಳೆಗಳು ಏರುತ್ತಿವೆ, ಕಾಳಜಿ ಕೇಂದ್ರಗಳು ಶುರುವಾಗಿವೆ. ನಮ್ಮ ತಂಡದ ಡಾಕ್ಟರ್ ಮೇಡಂ ಇವತ್ತು ರಾತ್ರಿ ಹತ್ತರ ತನಕ ಇಲ್ಲಿ ಇರುತ್ತಾರೆ. ಪ್ರಶ್ನೆ ಚಿಕ್ಕದಾಗಿರಲಿ. ಫಾರ್ವರ್ಡ್ ಬೇಡ.

ಕುಮಟಾ ಅಕ್ಕೋರು: ನಮಸ್ತೆ ಮೇಡಂ. ನಮ್ಮ ಶಾಲೆಯಲ್ಲೇ ಕಾಳಜಿ ಕೇಂದ್ರ ಮಾಡಿದ್ದಾರೆ. ನಾವು ನಾಲ್ಕು ಜನ ಸ್ವಯಂಸೇವಕರು. ಮೊದಲು ಏನು ಮಾಡಬೇಕು?

ಡಾಕ್ಟರ್: ನಮಸ್ತೆ ಅಕ್ಕೋರೇ. ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಬಂದವರಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಫಿಟ್ಸ್, ಟಿಬಿಗೆ ಮಾತ್ರೆ ತಿನ್ನುವವರು ಯಾರು, ಡಯಾಲಿಸಿಸ್ ಯಾರಿಗಿದೆ, ಬಸುರಿಯರಿಗೆ ಎಷ್ಟನೇ ತಿಂಗಳು, ಇಷ್ಟು ಬರೆದುಕೊಳ್ಳಿ. ಗಡಿಬಿಡಿಯಲ್ಲಿ ಮನೆ ಬಿಟ್ಟವರು ಆಧಾರ್ ಕಾರ್ಡ್ ತಂದಿರುತ್ತಾರೆ, ಮಾತ್ರೆ ತಂದಿರುವುದಿಲ್ಲ. ಫಿಟ್ಸ್ ಮಾತ್ರೆ ತಪ್ಪಿದರೆ ಕಾಳಜಿ ಕೇಂದ್ರದಲ್ಲೇ ಫಿಟ್ಸ್ ಬರಬಹುದು. ಊರಿನ ಆಶಾ ಕಾರ್ಯಕರ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅರ್ಧ ಪಟ್ಟಿ ಅವರ ಬಾಯಲ್ಲೇ ಇರುತ್ತದೆ. ತಿಂಗಳು ತುಂಬಿದ ಬಸುರಿಯರನ್ನು ರಸ್ತೆ ಬಂದ್ ಆಗುವ ಮುಂಚೆಯೇ ಆಸ್ಪತ್ರೆ ಹತ್ತಿರದ ನೆಂಟರ ಮನೆಗೆ ಕಳಿಸಿ. 2024ರ ಜುಲೈ 16ಕ್ಕೆ ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಎಷ್ಟು ದಿನ ಬಂದ್ ಇತ್ತು ನೆನಪಿದೆ ಅಲ್ವಾ.

ಕುಮಟಾ ಅಕ್ಕೋರು: ಒಬ್ಬ ಅಜ್ಜಿ ಇನ್ಸುಲಿನ್ ತಂದಿದ್ದಾರೆ. ಕರೆಂಟ್ ಇಲ್ಲ, ಫ್ರಿಜ್ ಇಲ್ಲ.

ಡಾಕ್ಟರ್: ಬಳಸುತ್ತಿರುವ ಬಾಟಲಿ ನೆರಳಲ್ಲಿ, ತಂಪಲ್ಲಿ ಇದ್ದರೆ ನಾಲ್ಕು ವಾರ ಏನೂ ಆಗುವುದಿಲ್ಲ. ಮಣ್ಣಿನ ಮಡಕೆಗೆ ಒದ್ದೆ ಬಟ್ಟೆ ಸುತ್ತಿ, ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಳಗಿಡಿ. ಐಸ್ ಮೇಲೆ ಇಡಬೇಡಿ, ಹೆಪ್ಪುಗಟ್ಟಿದರೆ ಎಸೆಯಬೇಕು. ಸೂಜಿ ಹಾಕಿದ ಮೇಲೆ ಅಜ್ಜಿ ಊಟ ಮಾಡಿದರಾ ನೋಡಿ. ಅನ್ನ ತಡವಾದರೆ ಸಕ್ಕರೆ ಇಳಿದು ಬೀಳುತ್ತಾರೆ.

ಗಂಗಾವಳಿ ದಂಡೆ: ಬಾವಿಗೆ ಹೊಳೆ ನೀರು ನುಗ್ಗಿದೆ. ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?

ಡಾಕ್ಟರ್: ಮೊದಲು ಕೆಸರು ನೀರು ಎತ್ತಿ ಹೊರಗೆ ಹಾಕಿ. ಆಮೇಲೆ ಲೆಕ್ಕ. ಬಾವಿಯ ಅಗಲ ಮೀಟರಿನಲ್ಲಿ, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 0.785ರಿಂದ. ಬಂದದ್ದು ಎಷ್ಟು ಸಾವಿರ ಲೀಟರ್ ಅಂತ. 3 ಮೀಟರ್ ಅಗಲ, 4 ಮೀಟರ್ ನೀರು ಇದ್ದರೆ ಸುಮಾರು 28 ಸಾವಿರ ಲೀಟರ್. ಸಾವಿರ ಲೀಟರಿಗೆ ಒಳ್ಳೆಯ ಪೌಡರ್ 2.5 ಗ್ರಾಂ, ಅಂದರೆ 70 ಗ್ರಾಂ. ನೆರೆ ನೀರು ಹೊಕ್ಕ ಬಾವಿಗೆ ಇದರ ಎರಡರಷ್ಟು. ಪೌಡರನ್ನು ನೇರ ಸುರಿಯಬೇಡಿ. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿಯಲು ಬಿಡಿ, ಮೇಲಿನ ತಿಳಿ ಮಾತ್ರ ಇನ್ನೊಂದು ಕೊಡಪಾನಕ್ಕೆ ಬಗ್ಗಿಸಿ. ಅದನ್ನು ಹಗ್ಗ ಕಟ್ಟಿ ನೀರಿನ ಒಳಗೆ ಇಳಿಸಿ ಮೇಲೆ ಕೆಳಗೆ ಜಗ್ಗಿ. ಕಡಿಮೆ ಅಂದ್ರೂ ಒಂದು ಗಂಟೆ ಬಿಡಿ. ರಾತ್ರಿ ಹಾಕಿ ಬೆಳಿಗ್ಗೆ ಸೇದಿದರೆ ಒಳ್ಳೆಯದು. ಇಷ್ಟಾದರೂ ಕುಡಿಯುವ ನೀರನ್ನು ಕುದಿಸಿ.

ನಿವೃತ್ತ ಮಾಸ್ತರು: ಬಾವಿಗೆ ಪಟಿಕ ಹಾಕಿದರೆ ಸಾಕು, ರೋಗಾಣು ಎಲ್ಲ ಸಾಯುತ್ತವೆ. ಕೆಮಿಕಲ್ ಯಾಕೆ? ಒಬ್ಬರು ಕಳಿಸಿದ ಮಾಹಿತಿ.

ಡಾಕ್ಟರ್: ಮಾಸ್ತರೇ, ಪಟಿಕದಿಂದ ನೀರು ತಿಳಿಯಾಗುತ್ತದೆ, ಶುದ್ಧ ಆಗುವುದಿಲ್ಲ. ತಿಳಿ ನೀರಿನಲ್ಲೂ ಕಾಲರಾ ಇರುತ್ತದೆ.

ಹೊನ್ನಾವರ ಶರಾವತಿ: ಬ್ಲೀಚಿಂಗ್ ಎಷ್ಟು ಮೇಡಂ ಬಾವಿಗೆ?

ಡಾಕ್ಟರ್: ಮೇಲೆ ಇದೆ.

ಕಾರವಾರ ಬಂದರು: ಭೇದಿಗೆ ಓಆರ್‌ಎಸ್ ಪ್ಯಾಕೆಟ್ ಖಾಲಿ. ಮುರುಗಲು ಪಾನಕ ಕೊಡಬಹುದಾ?

ಡಾಕ್ಟರ್: ಕುಡಿಯಲಿ, ಆದರೆ ಅದು ಓಆರ್‌ಎಸ್ ಅಲ್ಲ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು. ಚಮಚ ತಲೆ ಸವರಿದ್ದು, ಗುಡ್ಡೆ ಅಲ್ಲ. ಉಪ್ಪು ಜಾಸ್ತಿ ಆದರೆ ಮಕ್ಕಳಿಗೆ ಅಪಾಯ.

ಶಿರಸಿ ಪೇಟೆ: ಮೇಡಂ, ಸ್ವಯಂಸೇವಕರಿಗೆ ಸರ್ಟಿಫಿಕೇಟ್ ಕೊಡುತ್ತಾರಾ?

ಅಂಕೋಲಾ ಹುಡುಗ: ಡಾಕ್ಟ್ರೇ, ನಾನು ನಮ್ಮ ತಂಡದ ಜೊತೆ ವಾರದ ಹಿಂದೆ ನೆರೆ ನೀರಲ್ಲಿ ನಿಂತು ಮನೆಗಳ ಕೆಸರು ತೆಗೆದೆ. ಮೊನ್ನೆಯಿಂದ ಚಳಿ ಜ್ವರ. ಮೀನಖಂಡ ಮುಟ್ಟಲಿಕ್ಕೆ ಆಗುವುದಿಲ್ಲ, ಅಷ್ಟು ನೋವು. ಮೆಡಿಕಲ್‌ನಲ್ಲಿ ಮೈಕೈ ನೋವಿನ ಮಾತ್ರೆ ಕೊಟ್ಟರು, ದಿನಕ್ಕೆ ಮೂರು ತಿನ್ನುತ್ತಿದ್ದೇನೆ. ನಾಳೆ ಮತ್ತೆ ಕೆಲಸಕ್ಕೆ ಹೋಗಬಹುದಾ?

ಡಾಕ್ಟರ್: ತಮಾ, ಕೆಲಸ ಬಿಡು. ಇದಕ್ಕೆ ಉತ್ತರ ಕೊಡು: ಕಣ್ಣು ಕೆಂಪಾಗಿದೆಯಾ? ಇವತ್ತು ಎಷ್ಟು ಸಲ ಮೂತ್ರ ಮಾಡಿದೆ, ಬಣ್ಣ ಹೇಗಿದೆ? ಕಾಲಲ್ಲಿ ಗಾಯ ಇತ್ತಾ?

ಅಂಕೋಲಾ ಹುಡುಗ: ಕಣ್ಣು ಕೆಂಪು ಇದೆ, ಪಿಚ್ಚು ಇಲ್ಲ. ಬೆಳಿಗ್ಗೆ ಒಂದು ಸಲ ಹೋಗಿದ್ದು, ಕಡು ಹಳದಿ. ಹಿಮ್ಮಡಿ ಒಡೆದಿತ್ತು. ಗಂಬೂಟ್ ಹಾಕಿರಲಿಲ್ಲ, ನೀರು ತುಂಬಿಕೊಳ್ಳುತ್ತೆ ಅಂತ.

ಡಾಕ್ಟರ್: ಎಲ್ಲರೂ ಓದಿ, ಇದು ಅವನಿಗೊಬ್ಬನಿಗೇ ಅಲ್ಲ. ಇದು ಇಲಿ ಜ್ವರ ಇರಬಹುದು. ಇಲಿ, ದನ, ನಾಯಿಯ ಮೂತ್ರ ನೆರೆ ನೀರಿಗೆ ಸೇರುತ್ತದೆ. ಒಡೆದ ಹಿಮ್ಮಡಿ, ಗೀರು ಗಾಯ, ಕಣ್ಣು, ಬಾಯಿ, ಎಲ್ಲಿಂದ ಬೇಕಾದರೂ ರೋಗಾಣು ಒಳಗೆ ಹೋಗುತ್ತದೆ. ಜ್ವರ ಬರಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಅಷ್ಟರಲ್ಲಿ ನೀರು ಇಳಿದಿರುತ್ತದೆ, ಜನ ನೆರೆಯನ್ನೇ ಮರೆತಿರುತ್ತಾರೆ. ಮಳೆಯಲ್ಲಿ ನೆಂದ ಜ್ವರ ಅಂತ ಮನೆಯಲ್ಲೇ ಮಲಗುತ್ತಾರೆ. ಎಷ್ಟೋ ಜನರಿಗೆ ಹಾಗೇ ಇಳಿಯುತ್ತದೆ, ನಿಜ. ಕೆಲವರಿಗೆ ಕಾಮಾಲೆ ಆಗಿ, ಕಿಡ್ನಿ ನಿಂತು, ಶ್ವಾಸಕೋಶದಲ್ಲಿ ರಕ್ತ ಬರುತ್ತದೆ. ಆಮೇಲೆ ಐಸಿಯು.

ತಮಾ, ಆ ನೋವಿನ ಮಾತ್ರೆ ಈಗಲೇ ನಿಲ್ಲಿಸು. ಮೂತ್ರ ಕಡಿಮೆ ಆದ ಹೊತ್ತಿನಲ್ಲಿ ಅದು ಕಿಡ್ನಿಗೆ ಇನ್ನೊಂದು ಹೊಡೆತ. ನಾಳೆ ಬೆಳಿಗ್ಗೆ ಅಲ್ಲ, ಇವತ್ತು ರಾತ್ರಿಯೇ ತಾಲೂಕು ಆಸ್ಪತ್ರೆಗೆ ಹೋಗು. ಬೈಕ್ ನೀನು ಓಡಿಸಬೇಡ. ಆ ಮಾತ್ರೆಯ ಚೀಟಿ ತಗೊಂಡು ಹೋಗು. ಡಾಕ್ಟರಿಗೆ ಮೊದಲ ಮಾತೇ ‘ನೆರೆ ನೀರಲ್ಲಿ ಕೆಲಸ ಮಾಡಿದ್ದೆ’ ಅನ್ನು. ಮೊದಲ ದಿನಗಳಲ್ಲಿ ಇಲಿ ಜ್ವರದ ರಕ್ತ ಪರೀಕ್ಷೆ ನೆಗೆಟಿವ್ ಬರಬಹುದು, ಅದನ್ನು ನೋಡಿ ವಾಪಸ್ ಬರಬೇಡ. ಕಿಡ್ನಿ, ಲಿವರ್, ಪ್ಲೇಟ್‌ಲೆಟ್ ನೋಡಿ ಚಿಕಿತ್ಸೆ ಶುರು ಮಾಡುತ್ತಾರೆ. ತೊಡೆಸಂದು, ಕಂಕುಳಲ್ಲಿ ಕಪ್ಪು ಹಕ್ಕಳೆ ಇದ್ದರೆ ಅದನ್ನೂ ತೋರಿಸು, ಪೊದೆಯ ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರವೂ ಇದೇ ಥರ ಕಾಣುತ್ತದೆ.

ಸಿದ್ದಾಪುರ ಅಡಕೆ: ಇದು ಮಂಗನ ಕಾಯಿಲೆ ಅಲ್ದಾ ಮೇಡಂ? ನಮ್ಮಲ್ಲಿ ಎಲ್ಲರಿಗೂ ಅದೇ ಹೆದರಿಕೆ.

ಡಾಕ್ಟರ್: ಅದಕ್ಕೆ ಕಾಡಿನ ಉಣುಗು ಕಚ್ಚಬೇಕು. ಮರಿ ಉಣುಗು ಎದ್ದು, ಕಾಯಿಲೆ ಜಾಸ್ತಿ ಇರುವುದು ಡಿಸೆಂಬರ್‌ನಿಂದ ಮೇ ತನಕ. ಈ ಮಳೆಯಲ್ಲಿ ಅಂಕೋಲೆಯ ಕೆಸರಲ್ಲಿ ಮೊದಲ ಅನುಮಾನ ಅದಲ್ಲ. ನಿಮ್ಮ ತಂಡ ನವೆಂಬರ್‌ನಲ್ಲೇ ತಯಾರಾಗಲಿ: ಸತ್ತ ಮಂಗ ಕಂಡರೆ ಮುಟ್ಟದೆ ಪಂಚಾಯಿತಿಗೆ, ಆರೋಗ್ಯ ಕೇಂದ್ರಕ್ಕೆ ಹೇಳುವುದು, ಸೊಪ್ಪಿಗೆ ಹೋಗುವವರಿಗೆ ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ ಹಂಚುವುದು. ಹಳೆಯ ಲಸಿಕೆ ಈಗ ಕೊಡುತ್ತಿಲ್ಲ, ಅದನ್ನು ನಂಬಿ ಕೂರಬೇಡಿ.

ಶಿರಸಿ ಪೇಟೆ: ಎಲ್ಲ ಸೌಲಭ್ಯ ಕಾರವಾರಕ್ಕೇ. ಘಟ್ಟದ ಮೇಲಿನವರು ಸತ್ತರೂ ಕೇಳುವವರಿಲ್ಲ.

ಕಾರವಾರ ಬಂದರು: ಯಾವ ಸೌಲಭ್ಯ ಮಾರಾಯ್ರೆ? ಆಕ್ಸಿಡೆಂಟ್ ಆದರೆ ನಾವೂ ಗೋವಾ, ಮಣಿಪಾಲ ಅಂತ ಓಡುವುದೇ.

ಶಿರಸಿ ಪೇಟೆ: ನಿಮಗೆ ಮೆಡಿಕಲ್ ಕಾಲೇಜಾದರೂ ಇದೆ. ನಮಗೆ ಹುಬ್ಬಳ್ಳಿ ದಾರಿ.

ಗಂಗಾವಳಿ ದಂಡೆ: ಇಬ್ಬರೂ ಸುಮ್ನಿರಿ. ನಮ್ಮನೆ ಒಳಗೆ ಮೊಣಕಾಲು ನೀರಿದೆ.

ಬೆಂಗಳೂರು ಮಿತ್ರ: ನಾವು ಇಪ್ಪತ್ತು ಡಾಕ್ಟರುಗಳ ಬಸ್ಸು ಮಾಡಿಕೊಂಡು ನಾಳೆ ಬರುತ್ತಿದ್ದೇವೆ. ಎರಡು ಗೋಣಿಚೀಲ ಮಾತ್ರೆ ಕೂಡ ಸಂಗ್ರಹ ಆಗಿದೆ.

ಡಾಕ್ಟರ್: ಹೊರಡುವ ಮೊದಲು ತಾಲೂಕು ಆರೋಗ್ಯಾಧಿಕಾರಿಗೆ ಫೋನ್ ಮಾಡಿ, ಎಲ್ಲಿ ಬೇಕು ಅಂತ ಅವರು ಹೇಳಲಿ. ಇಪ್ಪತ್ತು ಜನಕ್ಕೆ ಊಟ, ಹಾಸಿಗೆ ನೋಡುವವರು ಯಾರು? ಕತ್ತರಿಸಿದ ಅರ್ಧ ಸ್ಟ್ರಿಪ್‌ನಲ್ಲಿ ಹೆಸರಿಲ್ಲ, ತಾರೀಖಿಲ್ಲ. ಹೋದ ಸಲ ಅದನ್ನು ಬೇರ್ಪಡಿಸಲಿಕ್ಕೇ ಇಬ್ಬರು ನರ್ಸುಗಳನ್ನು ಕೂರಿಸಬೇಕಾಯಿತು. ತರಬೇಡಿ.

ಬೆಂಗಳೂರು ಮಿತ್ರ: ಸಹಾಯ ಮಾಡಲು ಬಂದರೆ ಹೀಗಾ?

ಕುಮಟಾ ಅಕ್ಕೋರು: ಬನ್ನಿ, ಆದರೆ ಫೋಟೋ ತೆಗೆಯಬೇಡಿ. ನಿನ್ನೆ ಬಂದವರು ಬಾಣಂತಿಯ ಕೈಗೆ ಬಿಸ್ಕಿಟ್ ಕೊಟ್ಟು ಮೂರು ಸಲ ಫೋಟೋ ಹೊಡೆದರು.

ಹೊನ್ನಾವರ ಶರಾವತಿ: ಹಾವು ಕಚ್ಚಿದರೆ ಮೇಲೆ ಬಿಗಿಯಾಗಿ ಕಟ್ಟಬೇಕಲ್ಲ?

ಡಾಕ್ಟರ್: ಬೇಡ. ಕುಯ್ಯಬೇಡಿ, ಚೀಪಬೇಡಿ. ಕಾಲು ಅಲ್ಲಾಡಿಸದೆ 108.

ನಿವೃತ್ತ ಮಾಸ್ತರು: ಅಮೃತಬಳ್ಳಿ ಕಷಾಯ ಮೂರು ದಿನ ಕುಡಿದರೆ ಇಲಿ ಜ್ವರ ಬರುವುದೇ ಇಲ್ಲ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಕಳಿಸಬೇಡಿ. ಅಡ್ಮಿನ್, ಇದನ್ನು ಅಳಿಸಿ. ಮಾಸ್ತರೇ, ಇದನ್ನು ಓದಿ ಒಬ್ಬ ಆಸ್ಪತ್ರೆಗೆ ಎರಡು ದಿನ ತಡವಾಗಿ ಹೋದರೆ ನೀವು ಬರುತ್ತೀರಾ ಡಯಾಲಿಸಿಸ್ ಪಕ್ಕ ಕೂರಲಿಕ್ಕೆ?

ನಿವೃತ್ತ ಮಾಸ್ತರು: ವಯಸ್ಸಿಗಾದರೂ ಮರ್ಯಾದೆ ಕೊಡಿ. ನಮ್ಮ ಹಿರಿಯರು ಮೂರ್ಖರಾ?

ಕಾರವಾರ ಬಂದರು: ಹಿರಿಯರ ಕಾಲದಲ್ಲಿ ವಾಟ್ಸಾಪ್ ಇರಲಿಲ್ಲ ಮಾಸ್ತರೇ.

ಅಡ್ಮಿನ್: ಅಳಿಸಿದ್ದೇನೆ. ಮಾಸ್ತರು ಗುಂಪು ಬಿಟ್ಟು ಹೋಗಿದ್ದಾರೆ.

ಸಿದ್ದಾಪುರ ಅಡಕೆ: ಮೇಡಂ, ನನ್ನ ಹೆಂಡತಿಗೆ ಥೈರಾಯ್ಡ್, ಅವಳು ತಂಡಕ್ಕೆ ಸೇರಬಹುದಾ?

ಹೊನ್ನಾವರ ಶರಾವತಿ: 70 ಗ್ರಾಂ ಅಂದರೆ ಎಷ್ಟು ಚಮಚ?

ಡಾಕ್ಟರ್: ಕಿರಾಣಿ ಅಂಗಡಿ ತಕ್ಕಡಿಯಲ್ಲಿ ತೂಗಿಸಿ.

ಅಂಕೋಲಾ ಹುಡುಗ: ನಾನು ಇವನ ಅಕ್ಕ. ಆಸ್ಪತ್ರೆಗೆ ಕರೆದುಕೊಂಡು ಬಂದೆವು. ಕಿಡ್ನಿ ರಿಪೋರ್ಟ್ ಏರಿದೆಯಂತೆ, ಡ್ರಿಪ್, ಇಂಜೆಕ್ಷನ್ ಶುರು ಮಾಡಿದ್ದಾರೆ. ಅಡ್ಮಿಟ್.

ಡಾಕ್ಟರ್: ಸರಿ. ಅಕ್ಕ, ಮೂತ್ರ ಎಷ್ಟು ಹೋಗುತ್ತದೆ ಅಂತ ಅಳೆದು ಬರೆದಿಡಿ, ನರ್ಸ್ ಹತ್ತಿರ ಅಳತೆ ಪಾತ್ರೆ ಕೇಳಿ. ಕೆಮ್ಮು, ಏದುಸಿರು ಬಂದರೆ ತಕ್ಷಣ ಡ್ಯೂಟಿ ಡಾಕ್ಟರನ್ನು ಎಬ್ಬಿಸಿ.

ಅವನ ಜೊತೆ ಕೆಸರಿಗೆ ಇಳಿದವರು ನನಗೆ ಬೇರೆಯಾಗಿ ಮೆಸೇಜ್ ಮಾಡಿ. ಜ್ವರ ಇರುವವರು ಈಗಲೇ ಆಸ್ಪತ್ರೆಗೆ. ಇಲ್ಲದವರು ಬೆಳಿಗ್ಗೆ ಆರೋಗ್ಯ ಕೇಂದ್ರಕ್ಕೆ ಬನ್ನಿ. ನೀರಲ್ಲಿ ಕೆಲಸ ಇರುವಷ್ಟು ದಿನ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ಕೊಡುತ್ತೇವೆ. ಊಟ ಮಾಡಿ, ತುಂಬಾ ನೀರಿನ ಜೊತೆ. ಬಸುರಿಯರಿಗೆ, ಸಣ್ಣ ಮಕ್ಕಳಿಗೆ ಇದು ಅಲ್ಲ, ಹಾಗಾಗಿ ಮಾತ್ರೆ ಕೊಂಡು ಮನೆಮಂದಿಗೆಲ್ಲ ಹಂಚಬೇಡಿ. ಗಂಬೂಟ್ ಇಲ್ಲದವರನ್ನು ನಾಳೆಯಿಂದ ನೀರಿಗೆ ಇಳಿಸುವುದಿಲ್ಲ.

ಗಂಗಾವಳಿ ದಂಡೆ: ನಾನೂ ಅವನ ಜೊತೆ ಇದ್ದೆ ಮೇಡಂ. ನನಗೆ ಜ್ವರ ಇಲ್ಲ, ಬರೀ ತಲೆನೋವು.

ಡಾಕ್ಟರ್: ಎಂದಿನಿಂದ? ನಂಬರ್ ಕಳಿಸು, ಫೋನ್ ಮಾಡುತ್ತೇನೆ.

ಶಿರಸಿ ಪೇಟೆ: ಸರ್ಟಿಫಿಕೇಟ್ ವಿಷಯ ಯಾರೂ ಹೇಳಲೇ ಇಲ್ಲ.