ಅಪಸ್ಮಾರದ ಮಾತ್ರೆ ಶುರುವಾದ ಮೇಲೆ ಮಂಪರು ಮತ್ತು ಸಿಟ್ಟು: ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ

ನನಗೆ 32 ವರ್ಷ. ಎರಡು ಸಲ ಫಿಟ್ಸ್ ಬಂದ ಬಳಿಕ ಇಇಜಿ, ಎಂಆರ್‌ಐ ಮಾಡಿಸಿ, ಆರು ವಾರಗಳ ಹಿಂದೆ ಅಪಸ್ಮಾರವೆಂದು ಖಚಿತಪಡಿಸಿದರು. ಲೆವೆಟಿರಾಸೆಟಮ್ 500 ಮಿಲಿಗ್ರಾಂ ಬೆಳಿಗ್ಗೆ ಮತ್ತು ರಾತ್ರಿ ತೆಗೆದುಕೊಳ್ಳುತ್ತಿದ್ದೇನೆ. ಅಂದಿನಿಂದ ಫಿಟ್ಸ್ ಬಂದಿಲ್ಲ. ಆದರೆ ಮಧ್ಯಾಹ್ನದವರೆಗೂ ಮಂಪರು ಇಳಿಯುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು ನೆತ್ತಿಗೇರುತ್ತದೆ. ಮೊನ್ನೆ ಕಾರಣವೇ ಇಲ್ಲದೆ ಮಗಳ ಮೇಲೆ ಕೂಗಾಡಿ, ಆಮೇಲೆ ಒಬ್ಬನೇ ಕುಳಿತು ಅತ್ತೆ. ಇದು ತಾನಾಗಿಯೇ ಕಡಿಮೆಯಾಗುತ್ತದೆಯೇ? ಒಂದೆರಡು ದಿನ ಮಾತ್ರೆ ಬಿಟ್ಟು ನೋಡಬಹುದೇ?

ಮೊದಲ ಉತ್ತರ

ತಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಪಾಯವಿರುವುದು ಅಲ್ಲಿ. ದಯವಿಟ್ಟು ಒಂದು ಹೊತ್ತಿನ ಮಾತ್ರೆಯನ್ನೂ ಸ್ವಂತ ತೀರ್ಮಾನದಿಂದ ಬಿಡಬೇಡಿ. ಮೂತ್ರಪಿಂಡ ಚೆನ್ನಾಗಿರುವ ವಯಸ್ಕರಲ್ಲಿ ಲೆವೆಟಿರಾಸೆಟಮ್‌ನ ಪ್ರಮಾಣ ರಕ್ತದಲ್ಲಿ 6ರಿಂದ 8 ಗಂಟೆಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಎರಡು ದಿನ ಬಿಟ್ಟರೆ ಮೈಯಲ್ಲಿ ಔಷಧ ಬಹುತೇಕ ಉಳಿದಿರುವುದಿಲ್ಲ, ಹಾಗೆ ಥಟ್ಟನೆ ನಿಂತಾಗ ಒಂದರ ಹಿಂದೊಂದು ಫಿಟ್ಸ್ ಬರುವ ಸಂಭವವಿದೆ. ಒಂಬತ್ತು ವರ್ಷಗಳ ಹಿಂದೆ ನಾನು ಇದೇ ಮಾತ್ರೆಯನ್ನು, ಇದೇ ಕಾರಣಕ್ಕೆ, ಮನೆಯವರಿಗೂ ಹೇಳದೆ ನಿಲ್ಲಿಸಿದೆ. ಮೂರನೆಯ ದಿನ ಸ್ನಾನದ ಕೋಣೆಯಲ್ಲಿ ಫಿಟ್ಸ್ ಬಂದು ಬಿದ್ದು, ಭುಜದ ಕೀಲು ತಪ್ಪಿತು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿರಲಿಲ್ಲವಾದ್ದರಿಂದ ಬೇಗ ಎತ್ತಿಕೊಳ್ಳಲು ಸಾಧ್ಯವಾಯಿತು.

ಮಂಪರು ಬೇರೆ, ಸಿಟ್ಟು ಬೇರೆ ಎಂಬುದು ನನಗೆ ಅರ್ಥವಾಗಲು ಮೂರು ತಿಂಗಳು ಹಿಡಿಯಿತು. ಮಂಪರು, ತಲೆಸುತ್ತು, ಕೈಕಾಲು ಸೋತಂತಾಗುವುದು ಇವೆಲ್ಲ ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲಿ ಹೆಚ್ಚಾಗಿದ್ದು, ಮಿದುಳು ಔಷಧಕ್ಕೆ ಹೊಂದಿಕೊಂಡಂತೆ ಇಳಿಯುತ್ತವೆ; ಡೋಸ್ ಏರಿಸಿದಾಗ ಮತ್ತೆ ತಲೆಯೆತ್ತುತ್ತವೆ. ನನಗೆ ಏಳನೆಯ ವಾರದಿಂದ ಬೆಳಗಿನ ಹೊತ್ತು ತಿಳಿಯಾಗತೊಡಗಿತು. ವೈದ್ಯರು ದಿನದ ಒಟ್ಟು ಪ್ರಮಾಣವನ್ನು ಹಾಗೆಯೇ ಉಳಿಸಿ, ಬೆಳಗಿನ ಪಾಲನ್ನು ತಗ್ಗಿಸಿ ರಾತ್ರಿಯದನ್ನು ಹೆಚ್ಚಿಸಿದ್ದೂ ನೆರವಾಯಿತು. ಇದನ್ನು ನೀವಾಗಿಯೇ ಮಾಡಿಕೊಳ್ಳಬೇಡಿ, ಆದರೆ ಹೀಗೆ ಹಂಚಲು ಬರುತ್ತದೆಯೇ ಎಂದು ವೈದ್ಯರನ್ನು ಅಗತ್ಯವಾಗಿ ಕೇಳಿ. ಮಂಪರು ಇರುವಷ್ಟು ದಿನ ವಾಹನ ಓಡಿಸಬೇಡಿ.

ಸಿಟ್ಟು ಹಾಗಲ್ಲ. ಅದು ಈ ಔಷಧದ ಗುರುತಿಸಲಾದ ಅಡ್ಡಪರಿಣಾಮ, ಮಾತ್ರೆಯ ಜೊತೆ ಬರುವ ಮಾಹಿತಿ ಪತ್ರದಲ್ಲೇ ಅದರ ಉಲ್ಲೇಖವಿದೆ. ಕೆಲವರಲ್ಲಿ ಅದು ಕಾಲ ಕಳೆದರೂ ಹೋಗುವುದಿಲ್ಲ. ನಾನು ಅದನ್ನು ನನ್ನ ಸ್ವಭಾವದ ಕೊರತೆ ಎಂದುಕೊಂಡು, ಹಲ್ಲುಕಚ್ಚಿ ಸಹಿಸಿ, ವೈದ್ಯರ ಮುಂದೆ ‘ಪರವಾಗಿಲ್ಲ’ ಎಂದೇ ಹೇಳುತ್ತಿದ್ದೆ. ನನ್ನ ದೊಡ್ಡ ತಪ್ಪು ಅದು. ಮಾತ್ರೆ ಬಿಟ್ಟದ್ದೂ ಆ ಮೌನದಿಂದಲೇ ಹುಟ್ಟಿದ್ದು. ಕಡೆಗೆ ಬಾಯಿಬಿಟ್ಟು ಹೇಳಿದಾಗ ಅವರು ಬೇರೆ ಔಷಧವನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಿ, ಅದು ಏರುತ್ತಿದ್ದಂತೆ ಹಳೆಯದನ್ನು ವಾರವಾರವೂ ಇಳಿಸಿದರು. ಎರಡೂ ಜೊತೆಗಿದ್ದ ಆ ದಿನಗಳು ಸುಲಭವಾಗಿರಲಿಲ್ಲ. ಆದರೆ ಮುಗಿದ ಮೇಲೆ ಮನೆಯವರು ‘ನೀನು ಮೊದಲಿನಂತಾದೆ’ ಎಂದರು.

ಇನ್ನೊಂದು ಮಾತು. ಸಿಟ್ಟಿನ ಜೊತೆ ಬದುಕೇ ಬೇಡವೆನ್ನಿಸಿದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ, ಅಂದೇ ವೈದ್ಯರಿಗೆ ಮತ್ತು ಹತ್ತಿರದವರೊಬ್ಬರಿಗೆ ತಿಳಿಸಿ. ಅಪಸ್ಮಾರದ ಬಹಳಷ್ಟು ಔಷಧಗಳಿಗೆ ಈ ಎಚ್ಚರಿಕೆಯಿದೆ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನಾನು ಸೇರಿಸುವುದು ಒಂದು ನೋಟ್‌ಬುಕ್ಕಿನ ವಿಷಯ. ಮಾತ್ರೆ ನುಂಗಿದ ಸಮಯ, ನಿದ್ದೆಯ ಗಂಟೆಗಳು, ಮಂಪರು ಅಥವಾ ಸಿಟ್ಟು ಬಂದ ಹೊತ್ತು, ಇಷ್ಟನ್ನೇ ದಿನಕ್ಕೊಂದು ಸಾಲಿನಂತೆ ಬರೆಯಿರಿ. ನಾನು ಕಾರ್ಬಮಜೆಪಿನ್ ತೆಗೆದುಕೊಳ್ಳುತ್ತೇನೆ. ಬೆಳಗಿನ ಮಾತ್ರೆಯ ಬಳಿಕ ಎರಡು ಮೂರು ಗಂಟೆಗೆ ಎಲ್ಲವೂ ಎರಡೆರಡಾಗಿ ಕಾಣುತ್ತಿತ್ತು ಎಂಬುದು ಬರೆದ ಮೇಲೆಯೇ ನನಗೆ ಹೊಳೆಯಿತು. ಅದನ್ನು ನೋಡಿದ ವೈದ್ಯರು, ರಕ್ತದಲ್ಲಿ ಔಷಧ ಒಮ್ಮೆಲೇ ಏರುತ್ತಿದೆಯೆಂದು, ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಮಾತ್ರೆಗೆ ಬದಲಿಸಿದರು, ಕಣ್ಣು ಸರಿಹೋಯಿತು. ಈ ಔಷಧದಿಂದ ಸೋಡಿಯಂ ಕಡಿಮೆಯಾಗುವುದುಂಟು, ಆದ್ದರಿಂದ ರಕ್ತಪರೀಕ್ಷೆಯನ್ನು ತಪ್ಪಿಸುವುದಿಲ್ಲ. ನೆಗಡಿಯ ಮಾತ್ರೆಯನ್ನೂ ಕೇಳಿಯೇ ತೆಗೆದುಕೊಳ್ಳುತ್ತೇನೆ, ಅವುಗಳಲ್ಲಿ ಹಲವು ಮಂಪರನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಮೂರನೆಯ ಉತ್ತರ

ಲೆವೆಟಿರಾಸೆಟಮ್ ಒಗ್ಗದೆ ಲ್ಯಾಮೋಟ್ರಿಜಿನ್‌ಗೆ ಬದಲಾದವಳು ನಾನು. ತಮಗೂ ಅದನ್ನೇ ಸೂಚಿಸಿದರೆ ತಾಳ್ಮೆ ಬೇಕಾಗುತ್ತದೆ ಎಂದು ಈಗಲೇ ಹೇಳಿಬಿಡುತ್ತೇನೆ. ಒಂದೇ ಔಷಧವಾಗಿ ಕೊಡುವಾಗ ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆ 25 ಮಿಲಿಗ್ರಾಂನಿಂದ ಎರಡು ವಾರ, ಆಮೇಲೆ 50 ಮಿಲಿಗ್ರಾಂನಿಂದ ಎರಡು ವಾರ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಅವಸರ ಮಾಡಿದರೆ ಚರ್ಮದ ಗಂಭೀರ ಪ್ರತಿಕ್ರಿಯೆಯ ಅಪಾಯ ಹೆಚ್ಚುತ್ತದೆ, ಅದು ಬಹುಪಾಲು ಮೊದಲ ಎಂಟು ವಾರಗಳಲ್ಲಿ ಕಾಣಿಸಿಕೊಳ್ಳುವಂಥದ್ದು. ಮೈಮೇಲೆ ದದ್ದು ಎದ್ದರೆ ಅಂದೇ ತೋರಿಸಬೇಕು. ಜೊತೆಗೆ ಜ್ವರ, ಬಾಯಿಹುಣ್ಣು ಅಥವಾ ಕಣ್ಣು ಕೆಂಪಾಗುವುದಿದ್ದರೆ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಬೇಕು. ಐದಾರು ದಿನ ಮಾತ್ರೆ ತಪ್ಪಿದ್ದರೆ ಹಳೆಯ ಡೋಸಿನಿಂದಲೇ ಮತ್ತೆ ಶುರುಮಾಡುವಂತಿಲ್ಲ, ವೈದ್ಯರು ಪುನಃ ಕೆಳಗಿನಿಂದ ಏರಿಸುತ್ತಾರೆ. ಇದನ್ನು ಓದುವ ಹೆಣ್ಣುಮಕ್ಕಳಿಗೆ ಮುಖ್ಯವಾದ ಸಂಗತಿಯೊಂದಿದೆ: ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ರಕ್ತದಲ್ಲಿ ಲ್ಯಾಮೋಟ್ರಿಜಿನ್ ಪ್ರಮಾಣವನ್ನು ತಗ್ಗಿಸುತ್ತದೆ. ಗರ್ಭಧಾರಣೆಯ ಯೋಚನೆಯಿದ್ದರೆ, ಮುಖ್ಯವಾಗಿ ವಾಲ್ಪ್ರೋಯೇಟ್ ತೆಗೆದುಕೊಳ್ಳುತ್ತಿರುವವರು, ಮೊದಲೇ ವೈದ್ಯರೊಡನೆ ಮಾತನಾಡಲೇಬೇಕು.

ನಾಲ್ಕನೆಯ ಉತ್ತರ

ನನಗೆ ಅಪಸ್ಮಾರವಿಲ್ಲ, ನನ್ನ ಹೆಂಡತಿಗಿದೆ. ಟೋಪಿರಮೇಟ್ ಶುರುವಾದಾಗ ಅವಳಿಗೆ ಬೆರಳ ತುದಿಗಳು ಜುಮ್ಮೆನ್ನುತ್ತಿದ್ದವು, ಮಾತಿನ ನಡುವೆ ತೀರಾ ಪರಿಚಿತ ಪದಗಳೇ ಸಿಗುತ್ತಿರಲಿಲ್ಲ. ತನ್ನ ಬುದ್ಧಿಯೇ ಮಂಕಾಗುತ್ತಿದೆ ಎಂದು ಹೆದರಿ, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ತಡವರಿಸುವುದನ್ನು ಗಮನಿಸಿದ್ದು ನಾನು, ವೈದ್ಯರಿಗೆ ಹೇಳಿದ್ದೂ ನಾನು. ಡೋಸ್ ಇಳಿಸಿದ ಮೇಲೆ ಮಾತು ಮರಳಿತು. ಅದಕ್ಕಾಗಿ ಹೇಳುತ್ತೇನೆ, ಮುಂದಿನ ಭೇಟಿಗೆ ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ.

ಆದರೆ ಮನೆಯವರಾದ ನಾವು ಮಾಡುವ ಒಂದು ತಪ್ಪನ್ನೂ ಹೇಳಬೇಕು. ಅವಳು ನ್ಯಾಯವಾಗಿಯೇ ಸಿಟ್ಟಾದಾಗಲೂ ನಾನು ‘ಮಾತ್ರೆ ತಗೊಂಡೆಯಾ?’ ಎಂದು ಕೇಳುತ್ತಿದ್ದೆ. ಒಂದು ದಿನ ಅವಳು ‘ಇನ್ನು ಮುಂದೆ ನನ್ನ ಯಾವ ಸಿಟ್ಟೂ ನನ್ನದಲ್ಲವೇ?’ ಎಂದಳು. ಅಂದಿನಿಂದ ಜಗಳದ ನಡುವೆ ಮಾತ್ರೆಯ ಮಾತೆತ್ತುವುದಿಲ್ಲವೆಂದು ಒಪ್ಪಂದ ಮಾಡಿಕೊಂಡೆವು. ರಾತ್ರಿ ಊಟವಾದ ಮೇಲೆ ಇಬ್ಬರೂ ಕುಳಿತು ಆ ದಿನ ಹೇಗಿತ್ತೆಂದು ಮಾತಾಡುತ್ತೇವೆ, ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕೆಂದು ಅವಳೇ ತೀರ್ಮಾನಿಸುತ್ತಾಳೆ. ನಿಮ್ಮ ಮಗಳಿಗೂ ಅವಳ ವಯಸ್ಸಿಗೆ ತಿಳಿಯುವಂತೆ ಹೇಳಿ: ಅಪ್ಪನಿಗೆ ಹೊಸ ಔಷಧದಿಂದ ಬೇಗ ಸಿಟ್ಟು ಬರುತ್ತಿದೆ, ಅದರಲ್ಲಿ ನಿನ್ನ ತಪ್ಪಿಲ್ಲ, ಡಾಕ್ಟರಿಗೆ ಹೇಳಿ ಸರಿಮಾಡಿಕೊಳ್ಳುತ್ತಿದ್ದೇನೆ ಎಂದು.