ಸಹಾಯ ಬೇಕು: 1951ರ ಶೆವ್ರೊಲೆ 3100 ಪಿಕಪ್‌ಗೆ ಇಂಡಿಪೆಂಡೆಂಟ್ ಸಸ್ಪೆನ್ಷನ್

ಎಲ್ಲರಿಗೂ ನಮಸ್ಕಾರ. ಊರು ಹಾಸನ, ಈಗಿರುವುದು ಮಿಶಿಗನ್‌ನಲ್ಲಿ. ನನ್ನ ಪಿಕಪ್‌ನ ಮುಂಭಾಗದಲ್ಲಿ ಈಗಲೂ ಹಳೇ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್, ಡ್ರಮ್ ಬ್ರೇಕ್. ಕಿಂಗ್‌ಪಿನ್ (ಮುಂಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲು) ಸವೆದುಹೋಗಿದೆ. ಜಾಕ್ ಹಾಕಿ ಚಕ್ರ ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತದೆ. ಗಂಟೆಗೆ 50 ಮೈಲಿ ದಾಟಿದರೆ ಪಕ್ಕದಲ್ಲಿ ಕೂತ ಹೆಂಡತಿ ಮಾತು ನಿಲ್ಲಿಸುತ್ತಾಳೆ!

ಹಾಗಾಗಿ ಎರಡು ಮುಂಚಕ್ರಗಳೂ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುವಂಥ, ಫೋರ್ಡ್ ಮಸ್ಟಾಂಗ್ 2 ಕಾರಿನ ಮಾದರಿಯ ಸಸ್ಪೆನ್ಷನ್ ಕಿಟ್ ತರಿಸಿದೆ. ಕ್ರಾಸ್ ಮೆಂಬರ್ (ಚಾಸಿಸ್‌ಗೆ ಅಡ್ಡಲಾಗಿ ಕೂರುವ ತೊಲೆ), ಎ-ಆರ್ಮ್ (ಚಕ್ರವನ್ನು ಹಿಡಿಯುವ ತೋಳು), ಕಾಯಿಲ್ ಸ್ಪ್ರಿಂಗ್, ರ‍್ಯಾಕ್ ಸ್ಟಿಯರಿಂಗ್, ಡಿಸ್ಕ್ ಬ್ರೇಕ್ ಎಲ್ಲ ಬಂದಿದೆ. ಬರದೇ ಇದ್ದದ್ದು ಸರಿಯಾದ ವಿವರಣೆ ಮಾತ್ರ. ಒಂದೇ ಹಾಳೆ, ಅದೂ ಮಸುಕು.

ಹಳೇ ಆಕ್ಸಲ್ ಇನ್ನೂ ಬಿಚ್ಚಿಲ್ಲ. ಅದರ ಮಧ್ಯದಿಂದ ದಾರಕ್ಕೆ ನಟ್ ಕಟ್ಟಿ ತೂಗುಗುಂಡಿನ ಹಾಗೆ ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಿದ್ದೇನೆ. ಚಾಸಿಸ್ ಮೇಲೂ ಪಂಚ್ ಹೊಡೆದಿದ್ದೇನೆ. ಅರ್ಧ ಇಂಚು ತಪ್ಪಿದರೂ ಚಕ್ರ ಫೆಂಡರ್ ನಡುವೆ ಕೂರದೆ ಕಣ್ಣಿಗೆ ಹೊಡೆಯುತ್ತದೆ, ಅಲ್ವಾ?

ಚಾಸಿಸ್ ತೆರೆದ ಸಿ ಚಾನೆಲ್, ಅಂದರೆ ಇಂಗ್ಲಿಷ್ C ಅಕ್ಷರದ ಹಾಗೆ ಒಂದು ಬದಿ ತೆರೆದಿದೆ. ಕ್ರಾಸ್ ಮೆಂಬರ್ ಕೂರುವ ಜಾಗದಲ್ಲಿ ಮಾತ್ರ ಆ ತೆರೆದ ಬದಿಗೆ ಪ್ಲೇಟ್ ಹಾಕಿ ಮುಚ್ಚಿ ಬಾಕ್ಸ್ ಮಾಡಿದರೆ ಸಾಕಾ, ಕ್ಯಾಬಿನ್ ಕೆಳಗಿನ ತನಕ ಹೋಗಬೇಕಾ? ವೆಲ್ಡಿಂಗ್ ಬಿಸಿಗೆ ತಿರುಚಿಕೊಳ್ಳದ ಹಾಗೆ ನೀವು ಹೇಗೆ ಬಿಗಿದಿರಿ? ಹಳೇ 216 (ಕ್ಯೂಬಿಕ್ ಇಂಚಿನ) ಇಂಜಿನ್ ಇಟ್ಟುಕೊಂಡೇ ಮಾಡಿದವರಿದ್ದರೆ, ಅದರ ಅಡಿಯ ಆಯಿಲ್ ಸಂಪ್ ಹೊಸ ಭಾಗಗಳಿಗೆ ತಾಗಿತಾ? ಇನ್ನೊಂದು, ಈ ಕಿಟ್ ಹಾಕಿದರೆ ಮುಂದಿನ ಚಕ್ರಕ್ಕೆ ಐದು ಬೋಲ್ಟ್, ಹಿಂದಿನದಕ್ಕೆ ಆರು ಆಗುತ್ತದೆ. ಎರಡು ಸ್ಟೆಪ್ನಿ ಹೊತ್ತು ತಿರುಗುವುದಾ, ಹಿಂದಿನ ಆಕ್ಸಲ್ಲನ್ನೇ ಬದಲಿಸುವುದಾ?

ಸುಮ್ನೆ ಕಿಂಗ್‌ಪಿನ್ ಬದಲಿಸಿ ಓಡಿಸು ಅನ್ನುವವರೂ ಹೇಳಿ, ಬೇಜಾರಿಲ್ಲ. ಬಾಕ್ಸ್ ಮಾಡಿದ ಚಾಸಿಸ್ ಫೋಟೊ ಇದ್ದರೆ ದಯವಿಟ್ಟು ಹಾಕಿ.