ಕಾಸ್ಟಿಕ್‌ನಲ್ಲಿ ತೊಳೆದರೂ ಪೇಪರ್ ಮಷೀನಿನ ವೈರ್ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದೆ, ಏನು ಮಾಡೋದು?

ಶಿಫ್ಟ್_ಬಿ:
ರದ್ದಿ ಕಾಗದದಿಂದ ಕ್ರಾಫ್ಟ್ (ಕಂದು ಪ್ಯಾಕಿಂಗ್ ಕಾಗದ) ತೆಗೆಯೋ ಫೋರ್‌ಡ್ರಿನಿಯರ್ ಮಷೀನು. ವೇಗ ನಿಮಿಷಕ್ಕೆ 240 ಮೀಟರ್, ವೈರ್ (ತಿರುಳಿನ ನೀರು ಸೋಸಿ ಹಾಳೆ ಕಟ್ಟೋ, ಸುತ್ತುತ್ತಲೇ ಇರೋ ಜಾಲರಿ) ಉದ್ದ 24 ಮೀಟರ್. ಹೊಸ ವೈರ್ ಹಾಕಿದ ವಾರದೊಳಗೇ ವೈರ್ ಕೆಳಗೆ ನೀರು ಹೀರೋ ವ್ಯಾಕ್ಯೂಮಿನ ರೀಡಿಂಗ್ ಏರುತ್ತೆ, ಹಾಳೆಯಲ್ಲಿ ಪಿನ್‌ಹೋಲ್ ಶುರು. ಡೌನ್ (ಮಷೀನು ನಿಲ್ಲಿಸೋ ಸಮಯ) ಸಿಕ್ಕಾಗ 3% ಕಾಸ್ಟಿಕ್ ಸೋಡಾ ಬಿಸಿ ಮಾಡಿ ಹೊಡೀತೀವಿ. ಒಂದೆರಡು ದಿನ ಸರಿ, ಮತ್ತೆ ಅದೇ ಕಥೆ. ಹೈಪ್ರೆಷರ್ ಶವರ್ ಇದೆ, ಪಂಪಿನ ಗೇಜ್ 25 ಬಾರ್ ತೋರಿಸುತ್ತೆ. ಕಾಸ್ಟಿಕ್ ಜಾಸ್ತಿ ಮಾಡಬೇಕಾ? ಸೀಮೆಎಣ್ಣೆ ಹೊಡೀರಿ ಅಂತಾನೂ ಹೇಳ್ತಾರೆ.

ಕೌಚ್‌ಪಿಟ್:
ಕೆಮಿಕಲ್ ಆಮೇಲೆ, ಮೊದಲು ಶವರ್ ನೋಡಿ ಸರ್. ಗೇಜನ್ನು ಪಂಪಿನ ಹತ್ತಿರ ಅಲ್ಲ, ಫಿಲ್ಟರ್ ದಾಟಿದ ಮೇಲೆ ಹೆಡರ್‌ನಲ್ಲಿ (ನಾಜಲ್‌ಗಳಿರೋ ಪೈಪಿನಲ್ಲಿ) ಓದಿ. ಫಿಲ್ಟರ್ ಕಟ್ಟಿದ್ದರೆ ಪಂಪಿನಲ್ಲಿ 25 ಇದ್ದರೂ ನಾಜಲ್‌ಗೆ ಅಷ್ಟು ಬರಲ್ಲ. ಹೆಡರ್‌ನಲ್ಲೇ 20–25 ಬಾರ್ ಸಿಗಲಿ. ಅದಕ್ಕಿಂತ ಏರಿಸುತ್ತಾ ಹೋದರೆ ನೂಲು ಎಳೆ ಎಳೆಯಾಗಿ ಸಿಡಿಯುತ್ತೆ.

ಇನ್ನು ಆಸಿಲೇಟರ್ ವೇಗ, ಅಂದರೆ ಶವರನ್ನು ವೈರಿಗೆ ಅಡ್ಡಲಾಗಿ ಅತ್ತಿತ್ತ ಸರಿಸೋ ಯಂತ್ರದ್ದು. ಯಾರೂ ಅಳೆಯದೇ ಬಿಡೋದು ಇದನ್ನೇ. ವೈರ್ ಒಂದು ಸುತ್ತು ಬರೋದರೊಳಗೆ ಶವರ್ ಒಂದು ನಾಜಲ್ ರಂಧ್ರದಷ್ಟೇ ಸರೀಬೇಕು. ನಿಮ್ಮ ಲೆಕ್ಕದಲ್ಲಿ ಸುತ್ತಿಗೆ 6 ಸೆಕೆಂಡ್, ನಿಮಿಷಕ್ಕೆ 10 ಸುತ್ತು. ನಾಜಲ್ 1 ಮಿ.ಮೀ. ಆದರೆ ಶವರ್ ನಿಮಿಷಕ್ಕೆ 10 ಮಿ.ಮೀ. ಚಲಿಸಬೇಕು. ಅದು 60ರಲ್ಲಿ ಓಡ್ತಿದ್ದರೆ ಒಂದು ಸ್ಟ್ರೋಕ್‌ನಲ್ಲಿ (ಶವರ್ ಒಮ್ಮೆ ಒಂದು ಬದಿಗೆ ಸರಿಯೋದರಲ್ಲಿ) ವೈರಿನ ಆರರಲ್ಲಿ ಒಂದು ಪಾಲಿಗೆ ಮಾತ್ರ ನೀರು ತಾಗಿತು ಅಂತ. ಸ್ಟ್ರೋಕನ್ನು ನಾಜಲ್ ಅಂತರದ ಎರಡರಷ್ಟು ಇಡಿ, 150 ಮಿ.ಮೀ. ಅಂತರಕ್ಕೆ 300. ಆಗ ಒಂದು ನಾಜಲ್ ಕಟ್ಟಿದರೂ ಪಕ್ಕದ್ದು ಆ ಜಾಗ ತೊಳೆಯುತ್ತೆ. ಆಸಿಲೇಟರ್ ನಿಂತರೆ ಶವರ್ ತಾನಾಗೇ ಟ್ರಿಪ್ ಆಗಬೇಕು, ಇಲ್ಲದಿದ್ದರೆ ಒಂದೇ ಗೆರೆಯಲ್ಲಿ ವೈರ್ ಸವೆಯುತ್ತೆ. ನೀರು ಫ್ರೆಶ್ ವಾಟರ್ರೇ ಆಗಿರಲಿ, ಬ್ಯಾಕ್ ವಾಟರ್ (ವೈರಿನಿಂದ ಸೋಸಿ ಬಂದ ನಾರಿನ ನೀರು) ಬೇಡ.

ಲ್ಯಾಬ್_ಕೋಟ್:
ಕಟ್ಟಿಕೊಂಡದ್ದು ಏನು ಅಂತ ತಿಳಿಯದೆ ಕಾಸ್ಟಿಕ್ ಏರಿಸಬೇಡಿ. ಬ್ಲೇಡಿನಲ್ಲಿ ಸ್ವಲ್ಪ ಕೆರೆದು ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್ ಹನಿಸಿ. ನೊರೆಯುಕ್ಕಿದರೆ ಕಾರ್ಬೊನೇಟ್; ಬೋರ್‌ವೆಲ್ ಗಡಸು ನೀರಿರೋ ಕಡೆ ಸಾಮಾನ್ಯ. ನೊರೆ ಬರದೆ, ಬಿಸಿ ಮಾಡಿದಾಗ ಮೆತ್ತಗಾಗಿ ಬೆರಳಿಗೆ ಅಂಟಿದರೆ ಸ್ಟಿಕೀಸ್, ಅಂದರೆ ಟೇಪು, ಹಾಟ್‌ಮೆಲ್ಟ್ ಗೋಂದು. ಜಾರುತ್ತಾ ಕೊಳೆತ ವಾಸನೆ ಬಂದರೆ ಸ್ಲೈಮ್ (ಸೂಕ್ಷ್ಮಜೀವಿಗಳ ಲೋಳೆ), ಅದಕ್ಕೆ ಬಯೋಸೈಡ್ ಕಡೆ ನೋಡಬೇಕು.

ಕಾಸ್ಟಿಕ್ ರೋಸಿನ್ (ಮರದ ರಾಳ), ಸೈಜ್ (ಕಾಗದ ನೀರು ಹೀರದಂತೆ ಹಾಕೋ ವಸ್ತು) ಬಿಡಿಸುತ್ತೆ. ಹಾಟ್‌ಮೆಲ್ಟನ್ನು ಕರಗಿಸಲ್ಲ. ನಿಮಗೆ ಒಂದೆರಡು ದಿನದ ಸುಖ ಸಿಗ್ತಿರೋದು ಬಹುಶಃ ಅದಕ್ಕೇ: ಮೇಲಿನ ಪದರ ಹೋಗುತ್ತೆ, ಕಣ್ಣುಗಳ ಒಳಗಿನ ಗೋಂದು ಹಾಗೇ ಉಳಿಯುತ್ತೆ. ಬಿಸಿ ಕಾಸ್ಟಿಕ್ ಗಾಢವಾದಷ್ಟೂ ಪಾಲಿಯೆಸ್ಟರ್ ನೂಲನ್ನೇ ತಿನ್ನುತ್ತೆ. 60 ಡಿಗ್ರಿ ದಾಟಿಸಲೇಬೇಡಿ. ಸ್ಟಿಕೀಸ್ ಆದರೆ ಎಮಲ್ಸಿಫೈಯರ್ (ಕರಗಿದ್ದನ್ನು ನೀರಿನಲ್ಲಿ ಬೆರೆಯುವಂತೆ ಮಾಡೋ ವಸ್ತು) ಇರೋ ಸಾಲ್ವೆಂಟ್ ಕ್ಲೀನರ್ ತರಿಸಿ.

ಸೀಮೆಎಣ್ಣೆ ಬೇಡವೇ ಬೇಡ. ಗೋಂದನ್ನು ಮೆತ್ತಗೆ ಮಾಡಿ ವೈರ್ ತುಂಬ ಹರಡುತ್ತೆ, ನೀರಿನಲ್ಲಿ ತೊಳೆದುಹೋಗಲ್ಲ, ರೋಲಿನ ರಬ್ಬರ್ ಉಬ್ಬಿಸುತ್ತೆ. ಬೆಂಕಿಯ ಭಯ ಬೇರೆ.

ಶಿಫ್ಟ್_ಬಿ:
ನೊರೆ ಬರಲಿಲ್ಲ, ಅಂಟುತ್ತೆ. ಆಸಿಲೇಟರ್ ನಿಮಿಷಕ್ಕೆ 45 ಮಿ.ಮೀ.ನಲ್ಲಿ ಓಡ್ತಿದೆ. ತೊಳೆಯೋ ಕ್ರಮ ಹೇಳ್ತೀರಾ?

ಕೌಚ್‌ಪಿಟ್:
45 ಅಂದರೆ ಅಲ್ಲೇ ಸಿಕ್ಕಿತು. ಗೇರ್ ಬದಲಿಸಿ 10ಕ್ಕೆ ತನ್ನಿ.

ತೊಳೆಯುವಾಗ ಟೆನ್ಷನ್ ಸ್ವಲ್ಪ ಸಡಿಲಿಸಿ, ಕ್ರಾಲ್ ವೇಗದಲ್ಲಿ (ತೀರಾ ನಿಧಾನಕ್ಕೆ) ಓಡಿಸಿ, ಹೈಪ್ರೆಷರ್ ಬಂದ್ ಮಾಡಿ. ಹೋಸಿನಲ್ಲಿ ನಾರೆಲ್ಲ ತೊಳೆದ ಮೇಲೆ ಕ್ಲೀನರನ್ನು ಫ್ಯಾನ್ ಶವರ್‌ನಿಂದ 20–30 ನಿಮಿಷ ಬಿಡಿ. ಆಮೇಲೆ ನೀರು, ಕೆಳಗೆ ಬೀಳೋ ನೀರಿನ ಪಿಎಚ್ ಮಿಲ್ ನೀರಿನಷ್ಟೇ ಆಗೋವರೆಗೂ. ಆ ನೀರನ್ನು ವೈರ್ ಪಿಟ್‌ನಿಂದ ಸೈಲೋಗೆ (ನೀರು ಮತ್ತೆ ಬಳಸೋ ಟ್ಯಾಂಕಿಗೆ) ಬಿಡದೆ ಡ್ರೈನ್‌ಗೆ ತಿರುಗಿಸಿ, ಇಟಿಪಿಯವರಿಗೆ (ತ್ಯಾಜ್ಯ ನೀರು ಶುದ್ಧೀಕರಣ ಘಟಕದವರಿಗೆ) ಮೊದಲೇ ಹೇಳಿ. ಇಲ್ಲದಿದ್ದರೆ ಸ್ಟಾರ್ಟ್ ಆದ ಕೂಡಲೇ ನೊರೆ ಏಳುತ್ತೆ, ಸೈಜಿಂಗ್ ಬೀಳುತ್ತೆ.

ಲ್ಯಾಬ್_ಕೋಟ್:
ಇನ್ನೊಂದು ಮಾತು. ಈಗಿನ ವೈರುಗಳ ಕೆಳಬದಿ ಅಡ್ಡನೂಲಿನಲ್ಲಿ ಸವೆತ ತಡೆಯೋಕೆ ನೈಲಾನ್ ಸೇರಿಸಿರ್ತಾರೆ. ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ಬ್ಲೀಚ್) ಅದನ್ನು ಹಾಳು ಮಾಡುತ್ತೆ, ಗಾಢ ಆಸಿಡ್ಡೂ ಅಷ್ಟೇ. ಎಂದಾದರೂ ಆಸಿಡ್ ವಾಶ್ ಬೇಕಾದರೆ ಹೈಪೋಗೂ ಆಸಿಡ್ಡಿಗೂ ಮಧ್ಯೆ ಪೂರ್ತಿ ನೀರು ಹೊಡೀರಿ. ಹೈಪೋ ಉಳಿದಿರೋ ಪಿಟ್‌ಗೆ ಆಸಿಡ್ ಬಿದ್ದರೆ ಕ್ಲೋರಿನ್ ಗ್ಯಾಸ್ ಏಳುತ್ತೆ.